ಬರೆಯೋದು ನಿಲ್ಲಿಸಿದ ಮೇಲೆ ನನ್ನ ಸೈಟಿಗೆ ಓದುಗರು ಬಂದರು

ಎಂಟು ತಿಂಗಳು ನಾನು ಒಂದೇ ಒಂದು ಹೊಸ ಲೇಖನ ಬರೆಯಲಿಲ್ಲ. ದಿನಕ್ಕೆ ಮೂವತ್ತು-ನಲವತ್ತು ಜನ ಬರುತ್ತಿದ್ದ ಸೈಟಿಗೆ ಆ ಎಂಟು ತಿಂಗಳು ಮುಗಿಯುವಷ್ಟರಲ್ಲಿ ನಾನೂರರ ಹತ್ತಿರ ಬರತೊಡಗಿದರು. ಹೀಗೆ ಮಾಡ್ತೀನಿ ಅಂದಾಗ ಸೈಟು ನಡೆಸುವ ಗೆಳೆಯರು ಯಾರೂ ನಂಬಿರಲಿಲ್ಲ. "ವಾರಕ್ಕೆ ಎರಡು ಹಾಕಿದ್ರೇನೇ ಯಾರೂ ತಿರುಗಿ ನೋಡಲ್ಲ, ನೀನು ಅಂಗಡಿ ಮುಚ್ಚಿ ಗಿರಾಕಿ ಕಾಯ್ತೀನಿ ಅಂತೀಯಲ್ಲ" ಅಂತ ಒಬ್ಬರು ನಕ್ಕರು. ಹೋದ ತಿಂಗಳು ಅವರೇ ಫೋನ್ ಮಾಡಿ "ಏನ್ ಮಾಡಿದೆ ಮಾರಾಯ, ಹೇಳು" ಅಂದರು. ಫೋನಿನಲ್ಲಿ ಅರ್ಧ ಹೇಳಿದೆ. ಇಲ್ಲಿ ಮುಕ್ಕಾಲು ಹೇಳ್ತೀನಿ.

ನನ್ನದು ಹೊಲಿಗೆ ಮಿಷನ್ ರಿಪೇರಿ ಬಗ್ಗೆ ಇರುವ ಸೈಟು. ಆರು ವರ್ಷದಲ್ಲಿ 140ರಷ್ಟು ಲೇಖನ ಆಗಿದ್ದವು. ಡೊಮೇನ್ (ಸೈಟಿನ ಹೆಸರು), ಹೋಸ್ಟಿಂಗ್ (ಸೈಟು ಇಡೋ ಬಾಡಿಗೆ ಜಾಗ), ಥೀಮು (ಸೈಟಿನ ಸಿದ್ಧ ವಿನ್ಯಾಸ) ಇವೆಲ್ಲ ನಿಮಗೆ ಗೊತ್ತಿರೋದೇ, ಬಿಟ್ಟುಬಿಡ್ತೀನಿ.

ಮೊದಲು ದುಡ್ಡು ಕಳ್ಕೊಂಡ ಕತೆ. ಸೈಟಿನ ಖರ್ಚನ್ನು ನಾನು ಡೊಮೇನ್ ಲೆಕ್ಕದಲ್ಲೇ ಎಣಿಸೋದು. ಒಂದು ವರ್ಷಕ್ಕೆ ಹೆಸರು ಇಟ್ಕೊಳ್ಳೋಕೆ ಎಷ್ಟು ಕಟ್ತೀವೋ ಅದು ಒಂದು ಡೊಮೇನ್. ಹೋಸ್ಟಿಂಗ್ ಮೊದಲ ವರ್ಷ ಎರಡೇ ಡೊಮೇನ್ ಅಂತ ಆಸೆಗೆ ಬಿದ್ದೆ. ಮರುವರ್ಷ ರಿನ್ಯೂವಲ್‌ಗೆ ಏಳು ಡೊಮೇನ್ ಕೇಳಿದರು. ಕೇಳಿದರು ಅನ್ನೋದೂ ತಪ್ಪು, ಕಾರ್ಡಿನಿಂದ ತಾನಾಗಿಯೇ ಕಟ್ ಆಯ್ತು. ದುಡ್ಡು ಕೊಟ್ಟು ತಂದ ಥೀಮಿಗೆ ಐದು. ಅದರಲ್ಲಿ ಜಾರುವ ಚಿತ್ರ, ಹಾರಿ ಬರುವ ಅಕ್ಷರ, ಗಿರಗಿರ ಸುತ್ತುವ ಅಂಕಿ. "ರ‍್ಯಾಂಕ್ ಮೇಲೆ ತರ್ತೀವಿ" ಅಂದವರಿಗೆ ಹನ್ನೆರಡು ಕೊಟ್ಟೆ. ಇನ್ನೂರು ಬ್ಯಾಕ್‌ಲಿಂಕ್ (ಬೇರೆ ಸೈಟಿನಿಂದ ನಮ್ಮ ಸೈಟಿಗೆ ಬರುವ ಕೊಂಡಿ) ಅಂತ ಒಂದು ಪಟ್ಟಿ ಕಳಿಸಿದರು. ತೆರೆದು ನೋಡಿದರೆ ಸಾಲ, ಜೂಜು, ಕೂದಲು ಬೆಳೆಸೋ ಎಣ್ಣೆ, ಇವುಗಳ ಮಧ್ಯೆ ನನ್ನ ಬಾಬಿನ್ ಕೇಸು, ಅಂದರೆ ಮಿಷನ್ನಿನ ಕೆಳಗಿನ ದಾರದ ಉರುಳೆ ಕೂರೋ ಗೂಡು. ಕೊನೆಗೆ ಒಂದು ವಾರ ಜಾಹೀರಾತು, ಎಂಟು ಡೊಮೇನ್. ಎರಡು ಸಾವಿರದಷ್ಟು ಕ್ಲಿಕ್ ಬಂದವು. ಒಬ್ಬೊಬ್ಬರು ನಿಂತಿದ್ದು ನಾಲ್ಕೈದು ಸೆಕೆಂಡು. ಪುಟ ಪೂರ್ತಿ ತೆರೆಯೋಕೇ ಒಂಬತ್ತು ಸೆಕೆಂಡು ಬೇಕಿತ್ತು ಅಂತ ಆಮೇಲೆ ಅಳೆದಾಗ ಗೊತ್ತಾಯ್ತು.

ಕೂಡಿಸಿದರೆ ಮೂವತ್ತನಾಲ್ಕು. ಅಷ್ಟು ದುಡ್ಡಿಗೆ ಮೂವತ್ತನಾಲ್ಕು ವರ್ಷ ಸೈಟಿನ ಹೆಸರು ಇಟ್ಕೊಳ್ಳಬಹುದಿತ್ತು.

ಇನ್ನೊಂದನ್ನು ಹೇಳೋಕೆ ನಾಚಿಕೆ, ಆದರೂ ಹೇಳ್ತೀನಿ. ಡಿಸೈನ್ ಬದಲಿಸುವಾಗ ಯಾರೂ ನೋಡೋದು ಬೇಡ ಅಂತ ಸರ್ಚ್ ಎಂಜಿನ್‌ಗಳನ್ನು ದೂರ ಇಡುವ ಟಿಕ್ ಹಾಕಿದ್ದೆ. ತೆಗೆಯೋದು ಮರೆತೆ. ಎರಡು ತಿಂಗಳು.

ಕಣ್ಣು ತೆರೆಸಿದ್ದು ನಮ್ಮ ಅಕ್ಕ. ಅವಳ ಫೋನು ಹಳೆಯದು, ಪರದೆ ಮೂಲೆಯಲ್ಲಿ ಬಿರುಕು. ಅವಳ ಮಿಷನ್ನಿನಲ್ಲಿ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿತ್ತು. "ನಾನೇ ಬರೆದಿದೀನಿ ಕಣೇ, ನೋಡು" ಅಂತ ಲಿಂಕ್ ಕಳಿಸಿ ಪಕ್ಕದಲ್ಲೇ ಕೂತೆ. ಮೊದಲು ಬಿಳಿ ಪರದೆ. ಆಮೇಲೆ ಕುಕೀ ಒಪ್ಪಿಗೆ. ಅದನ್ನು ಒತ್ತಿದಳು. ನೋಟಿಫಿಕೇಶನ್ ಕಳಿಸಲಾ ಅಂತ ಕೇಳಿತು. ಬೇಡ ಅಂದಳು. ಎರಡು ಸಾಲು ಓದೋಷ್ಟರಲ್ಲಿ ಇಮೇಲ್ ಕೊಡಿ ಅಂತ ಪೆಟ್ಟಿಗೆ ಎದ್ದು ನಿಂತಿತು. ಅದನ್ನು ಮುಚ್ಚುವ ಇಂಟು ಗುರುತು ಅವಳ ಪರದೆಯ ಆಚೆಗಿತ್ತು. ಕನ್ನಡಕ ಹಣೆಗೇರಿಸಿ ಫೋನ್ ನನ್ನ ಕೈಗೆ ಕೊಟ್ಟಳು. "ಓದೋಣ ಅಂದ್ರೆ ಏನಾದ್ರೂ ಕೇಳ್ತಾನೇ ಇರುತ್ತಲ್ಲೋ ನಿನ್ನ ಸೈಟು. ಬಾಯಲ್ಲೇ ಹೇಳು."

ಬಾಯಲ್ಲಿ ಹೇಳೋಕೆ ಅರ್ಧ ನಿಮಿಷ ಸಾಕಾಯ್ತು. ಸೂಜಿ ಬದಲಿಸು, ಚಪ್ಪಟೆ ಬದಿ ಸರಿಯಾದ ಕಡೆ ಇದೆಯಾ ನೋಡು, ಪೂರ್ತಿ ಮೇಲಕ್ಕೆ ಕೂರಿಸಿ ಸ್ಕ್ರೂ ಬಿಗಿ ಮಾಡು. ಇಷ್ಟೇ. ಇದೇ ಮಾತು ನನ್ನ ಲೇಖನದಲ್ಲಿ ಏಳನೇ ಪ್ಯಾರಾದಲ್ಲಿತ್ತು. ಮೊದಲ ಆರರಲ್ಲಿ ಹೊಲಿಗೆ ಮಿಷನ್ನಿನ ಇತಿಹಾಸ!

ಅವತ್ತು ರಾತ್ರಿಯೇ ಹೀಗೆ ಎದ್ದು ನಿಲ್ಲುವ ಪಾಪ್‌ಅಪ್‌ಗಳನ್ನೆಲ್ಲ ಕಿತ್ತೆ. ಸೈಟಿಗೆ ಅಂಟಿಸಿಕೊಂಡ ಹೆಚ್ಚುವರಿ ಸೌಲಭ್ಯಗಳು, ಅಂದರೆ ಪ್ಲಗಿನ್, 27 ಇದ್ದವು, ಒಂದು ತೆಗೆದರೆ ಇನ್ನೊಂದು ಮುರಿಯುತ್ತಿತ್ತು. ಈ ರಗಳೆಯೇ ಬೇಡ ಅಂತ, ಸೈಟು ನಡೆಸುತ್ತಿದ್ದ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ಬಿಟ್ಟು, ಪುಟಗಳನ್ನು ಮೊದಲೇ ಸಿದ್ಧ ಮಾಡಿಕೊಡುವ ಹ್ಯೂಗೋಗೆ ಬಂದೆ. ವರ್ಡ್‌ಪ್ರೆಸ್ ಕೆಟ್ಟದ್ದು ಅಂತಲ್ಲ, ಅದನ್ನು ಜಾತ್ರೆ ಮಾಡಿದ್ದು ನಾನು. ಹ್ಯೂಗೋದಲ್ಲಿ 140 ಲೇಖನದ ಸೈಟು ಕಣ್ಣು ಮಿಟುಕಿಸೋದರಲ್ಲಿ ತಯಾರಾಗುತ್ತದೆ. ಡೇಟಾಬೇಸ್ ಇಲ್ಲ, ಅಪ್‌ಡೇಟ್ ಕಾಟ ಇಲ್ಲ, ಉಚಿತ ಹೋಸ್ಟಿಂಗ್ ಸಾಕು. ಈಗ ನನ್ನ ವರ್ಷದ ಖರ್ಚು ಒಂದೇ ಒಂದು ಡೊಮೇನ್.

ಆದರೆ ಸೈಟಿನ ಮನೆ ಬದಲಿಸುವಾಗ ದೊಡ್ಡ ಎಡವಟ್ಟು ಮಾಡಿದೆ. ಕನ್ನಡದಲ್ಲಿ ಯುಆರ್‌ಎಲ್ (ಪುಟದ ವಿಳಾಸ) ಇಟ್ಟವರು ಇದನ್ನು ಗಮನ ಇಟ್ಟು ಓದಿ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆ, ಕಂಪ್ಯೂಟರು ಅಕ್ಷರ ಇಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್. ಯುಆರ್‌ಎಲ್ ಒಳಗೆ ಶೇಕಡಾ ಚಿಹ್ನೆ ಸೇರಿ ಅದೇ 9 ಗುರುತು ಆಗುತ್ತದೆ. ‘ಕ್ಕ’ ಬರೆಯೋಕೆ ಕ, ಹಲಂತ, ಇನ್ನೊಂದು ಕ ಸೇರಿ 27. ವರ್ಡ್‌ಪ್ರೆಸ್ ಲೇಖನದ ವಿಳಾಸಕ್ಕೆ ಇಟ್ಟಿರುವ ಜಾಗ 200 ಗುರುತು. ಹಾಗಾಗಿ ಇಪ್ಪತ್ತೆರಡು ಚಿಹ್ನೆ ದಾಟಿದರೆ ಕತ್ತರಿ ಬೀಳುತ್ತದೆ. ನನ್ನ ‘ಹೊಲಿಗೆ ಮಿಷನ್ನಿನ ಸೂಜಿ ಮುರಿಯುವುದೇಕೆ’ ಅನ್ನೋ ಲೇಖನದ ವಿಳಾಸ ಇಷ್ಟು ವರ್ಷ ‘ಹೊಲಿಗೆ-ಮಿಷನ್ನಿನ-ಸೂಜಿ-ಮುರ’ ಅಂತ ಇತ್ತು. ನಾನು ನೋಡೇ ಇರಲಿಲ್ಲ.

ಹಳೆ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ 301 ರಿಡೈರೆಕ್ಟ್ ಪಟ್ಟಿಯನ್ನು ಶೀರ್ಷಿಕೆ ನೋಡಿಕೊಂಡು ತಯಾರು ಮಾಡಿದೆ. ಪೂರ್ತಿ ಶೀರ್ಷಿಕೆ! ಬಾಲ ಕತ್ತರಿಸಿದ ಹಳೆ ವಿಳಾಸಗಳಿಗೆ ಅದು ಹೇಗೆ ಹೊಂದುತ್ತೆ? ಅರ್ಧಕ್ಕಿಂತ ಜಾಸ್ತಿ ಪುಟ 404, ಅಂದರೆ ‘ಪುಟ ಸಿಗಲಿಲ್ಲ’. ಓದುಗರು ಮೂರರಲ್ಲಿ ಒಂದು ಪಾಲಿಗೆ ಇಳಿದರು, ದಿನಕ್ಕೆ ಹತ್ತೋ ಹನ್ನೆರಡೋ. ಹಳೆ ಸೈಟ್‌ಮ್ಯಾಪ್ ಫೈಲು (ಎಲ್ಲ ಪುಟಗಳ ವಿಳಾಸದ ಪಟ್ಟಿ) ಪುಣ್ಯಕ್ಕೆ ಬ್ಯಾಕಪ್‌ನಲ್ಲಿತ್ತು. ಅದರಿಂದ ನಿಜವಾದ ವಿಳಾಸ ಎತ್ತಿಕೊಂಡು ಪಟ್ಟಿ ಮತ್ತೆ ಮಾಡಿದೆ. ಹೊಸ ವಿಳಾಸಗಳನ್ನು ಮೂರೇ ಪದದ ಇಂಗ್ಲಿಷ್ ಅಕ್ಷರಕ್ಕೆ ತಂದೆ. ಕನ್ನಡಾಭಿಮಾನ ಲೇಖನದ ಒಳಗಿರಲಿ. ಮೊದಲಿನ ಮಟ್ಟಕ್ಕೆ ಬರೋಕೆ ಹತ್ತು ವಾರ ಹಿಡಿಯಿತು. ಆ ಹತ್ತು ವಾರದಲ್ಲಿ "ಹೇಳಿರಲಿಲ್ವಾ" ಅಂದವರ ಪಟ್ಟಿಯೂ ನನ್ನ ಹತ್ತಿರ ಇದೆ.

ಫಾಂಟಿನದು ಇನ್ನೊಂದು ಕತೆ. ನೋಟೊ ಸ್ಯಾನ್ಸ್ ಕನ್ನಡ ಹಾಕಿದ್ದೆ. ಫೈಲು ಚಿಕ್ಕದಾಗಲಿ ಅಂತ ಒಂದು ಆನ್‌ಲೈನ್ ಟೂಲಿನಲ್ಲಿ ಅದರ ಬೇಡದ ಭಾಗ ಕತ್ತರಿಸಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಕಾಣಿಸ್ತು. ಅಕ್ಕನ ಫೋನಿನಲ್ಲಿ ನೋಡಿದರೆ ‘ಅಮ್ಮ’ ಹೋಗಿ ‘ಅಮ್‌ಮ’, ‘ಬಟ್ಟೆ’ ಹೋಗಿ ‘ಬಟ್‌ಟೆ’. ಎಲ್ಲ ಒತ್ತಕ್ಷರ ಹೊಲಿಗೆ ಬಿಚ್ಚಿಕೊಂಡು ನಿಂತಿದ್ದವು. ಆ ಟೂಲು ಅಕ್ಷರದ ಆಕಾರ ಉಳಿಸಿ, ಒತ್ತು ಕೂಡಿಸುವ ಕೋಷ್ಟಕವನ್ನು ಕಿತ್ತುಹಾಕಿತ್ತು. ನನಗೆ ಯಾಕೆ ಕಾಣಲಿಲ್ಲ ಅಂದರೆ, ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಮೊದಲು ಕಂಪ್ಯೂಟರಿನಲ್ಲಿರುವ ಫಾಂಟ್ ಹುಡುಕು ಅಂತ ಬರೆದಿದ್ದೆ, ನನ್ನ ಹತ್ತಿರ ಅದೇ ಫಾಂಟ್ ಇನ್‌ಸ್ಟಾಲ್ ಆಗಿತ್ತು. ಆ ಸಾಲು ತೆಗೆದೆ. ಈಗ ಕತ್ತರಿಸೋದಿದ್ದರೆ ಆ ಕೋಷ್ಟಕವನ್ನೂ, ಜೊತೆಗೆ ಅಕ್ಷರ ಕೂಡಿಸೋಕೆ, ಬಿಡಿಸೋಕೆ ಇರುವ, ಕಣ್ಣಿಗೆ ಕಾಣದ ಎರಡು ಗುರುತುಗಳನ್ನೂ (ZWJ, ZWNJ) ಉಳಿಸ್ತೀನಿ.

ಸಾಲಿನ ಅಂತರ 1.75 ಇಟ್ಟಿದೀನಿ. ಥೀಮಿನಲ್ಲಿ 1.4 ಇತ್ತು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಓರೆ ಅಕ್ಷರ ಪೂರ್ತಿ ಬಂದ್. ಕನ್ನಡಕ್ಕೆ ಬ್ರೌಸರು ಸುಮ್ನೆ ಅಕ್ಷರವನ್ನು ವಾಲಿಸುತ್ತದೆ ಅಷ್ಟೇ. ದಪ್ಪ ಅಕ್ಷರ ಬೇಕಿದ್ದರೆ ದಪ್ಪದ ಫೈಲನ್ನೇ ಬೇರೆ ಹಾಕಬೇಕು, ಇಲ್ಲಾಂದ್ರೆ ಬ್ರೌಸರು ತಾನೇ ದಪ್ಪ ಮಾಡಲು ಹೋಗಿ ಒತ್ತಿನ ಒಳಗೆಲ್ಲ ಮಸಿ ತುಂಬುತ್ತದೆ. ಸಾಲಿನ ಎರಡೂ ಬದಿ ಸಮ ಮಾಡೋ ಚಟ ಇದ್ದವರು ಬಿಟ್ಟುಬಿಡಿ. ನಮ್ಮ ಪದ ಉದ್ದ, ಫೋನಿನ ಸಾಲು ಗಿಡ್ಡ, ಪದಗಳ ನಡುವೆ ದೊಡ್ಡ ಸಂದು ಬೀಳುತ್ತದೆ.

ಚಿತ್ರಗಳದ್ದು ಗೊತ್ತಿರೋದೇ. ವೆಬ್‌ಪಿ, ಅಂದರೆ ಹಗುರ ಚಿತ್ರದ ಫೈಲು, 1200 ಪಿಕ್ಸೆಲ್ ಅಗಲ, ನೂರು ಕೆಬಿ ಒಳಗೆ. ಒಂದು ಮಾತ್ರ ನಾನು ಕೆಟ್ಟು ಕಲಿತಿದ್ದು: ಎಲ್ಲ ಚಿತ್ರಕ್ಕೂ ಲೇಜಿ ಲೋಡಿಂಗ್ (ಓದುಗ ಹತ್ತಿರ ಬಂದಾಗಷ್ಟೇ ಚಿತ್ರ ಇಳಿಸೋದು) ಹಾಕಿದ್ದೆ, ಮೊದಲನೆಯದಕ್ಕೂ. ಪುಟ ತೆರೆದ ಕೂಡಲೇ ಕಾಣಬೇಕಾದ ಚಿತ್ರಾನೇ ತಡವಾಗುತ್ತಿತ್ತು. ಮೊದಲ ಚಿತ್ರಕ್ಕೆ ಅದನ್ನು ತೆಗೆದ ಮೇಲೆ ಎಲ್‌ಸಿಪಿ (ಪುಟದ ದೊಡ್ಡ ಭಾಗ ಕಾಣೋಕೆ ಹಿಡಿಯುವ ಸಮಯ) ಒಂದೂವರೆ ಸೆಕೆಂಡಿಗೆ ಬಂತು. ಗೂಗಲ್ ಒಳ್ಳೆಯದು ಅನ್ನೋ ಗೆರೆ 2.5.

ಈಗ ಮುಖ್ಯ ವಿಷಯ. ಸೈಟು ಹಗುರಾಯ್ತು, ಆದರೂ ಓದುಗರು ಅಷ್ಟಕ್ಕಷ್ಟೇ. ಆಗ ಹೊಸದು ಬರೆಯೋದು ನಿಲ್ಲಿಸಿ ಹಳೆಯದನ್ನೇ ಒಂದೊಂದಾಗಿ ರಿಪೇರಿಗೆ ಹಿಡಿದೆ. ಜನ ಏನು ಹುಡುಕಿ ನಮ್ಮ ಸೈಟು ಕಂಡರು ಅಂತ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟಿರುತ್ತದೆ. ಅದನ್ನು ಶೀಟಿಗೆ ಇಳಿಸಿಕೊಂಡು ಹುಡುಕಾಟದ ಫಲಿತಾಂಶದಲ್ಲಿ 8ರಿಂದ 20ನೇ ಸ್ಥಾನದಲ್ಲಿ ಒದ್ದಾಡುತ್ತಿದ್ದ ಲೇಖನ ಮಾತ್ರ ಆರಿಸಿದೆ. ಇಂಪ್ರೆಶನ್ (ಫಲಿತಾಂಶದಲ್ಲಿ ಕಾಣಿಸಿಕೊಂಡದ್ದು) ಜಾಸ್ತಿ, ಕ್ಲಿಕ್ ಇಲ್ಲ, ಅಂಥವು. ಅಲ್ಲಿ ಜನ ಹುಡುಕಿದ ಪದ ನೋಡಿ ನನ್ನ ಮೀಸೆ ಇಳಿಯಿತು. ಕೆಳಗಿನ ದಾರ ಗಂಟು ಬೀಳೋದರ ಬಗ್ಗೆ ನಾನು ಕೊಟ್ಟ ಶೀರ್ಷಿಕೆ ‘ದಾರದ ಮುನಿಸು’. ಆಹಾ! ಮುನಿಸು ಅಂತ ಯಾರು ಹುಡುಕ್ತಾರೆ ಹೇಳಿ? ಬಟ್ಟೆ ಸಿಕ್ಕಿಹಾಕಿಕೊಂಡು ಕೂತವರು ‘ಮಿಷನ್ ಕೆಳಗೆ ದಾರ ಗಂಟು’ ಅಂತ ಹುಡುಕ್ತಾರೆ. ಅರ್ಧ ಜನ ಅದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಒತ್ತಿರುತ್ತಾರೆ.

ಶೀರ್ಷಿಕೆಯನ್ನು ‘ಕೆಳಗಿನ ದಾರ ಗಂಟು ಬೀಳುತ್ತಿದೆಯೇ? ಮೊದಲು ಮೇಲಿನ ದಾರ ನೋಡಿ’ ಅಂತ ಮಾಡಿದೆ. ಮೊದಲ ಎರಡು ವಾಕ್ಯದಲ್ಲೇ ಉತ್ತರ ಕೊಟ್ಟೆ: ಬಾಬಿನ್ ಬೈಬೇಡಿ, ಬಹಳ ಸಲ ತಪ್ಪು ಮೇಲಿನ ದಾರದ್ದು. ಬಟ್ಟೆ ಒತ್ತಿ ಹಿಡಿಯುವ ಪಾದ ಎತ್ತಿ ದಾರ ಮತ್ತೆ ಪೋಣಿಸಿ, ಪಾದ ಇಳಿಸಿದ್ದರೆ ದಾರ ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಒಳಗೆ ಕೂರೋದಿಲ್ಲ. ಉತ್ತರ ಮೊದಲೇ ಕೊಟ್ಟರೆ ಓದಿ ಹೊರಟುಹೋಗ್ತಾರೆ ಅಂತ ಹೆದರಿದ್ದೆ. ಆಗಿದ್ದು ಉಲ್ಟಾ. ಉತ್ತರ ಸಿಕ್ಕವರು ಕೆಳಗಿನವರೆಗೂ ಬಂದರು, ಇನ್ನೊಂದು ಪುಟಕ್ಕೂ ಹೋದರು. ವಾರಕ್ಕೆ ಎರಡು ಮೂರು ಕ್ಲಿಕ್ ಇದ್ದ ಆ ಪುಟಕ್ಕೆ ಈಗ ದಿನಕ್ಕೆ ನಲವತ್ತರ ಸುತ್ತಮುತ್ತ. ಲೇಖನದ ಕೊನೆಯಲ್ಲಿ ನಾನು ಹಾಕುವ ಒಂದು ಸಾಲಿದೆ, ಅದರಿಂದಲೇ ಜನ ಮುಂದಿನ ಪುಟಕ್ಕೆ ಹೋಗೋದು. ಅದನ್ನು ಇಲ್ಲಿ ಹೇಳಲ್ಲ, ಹುಡುಕಿಕೊಳ್ಳಿ.

ದಾರದ ಬಗ್ಗೆಯೇ ಏಳು ಲೇಖನ ಇದ್ದವು, ಒಂದರ ಕಾಲು ಒಂದು ಎಳೆಯುತ್ತಿದ್ದವು. ಏಳನ್ನೂ ಸೇರಿಸಿ ಒಂದು ಮಾಡಿ ಉಳಿದ ಆರನ್ನು ಅದಕ್ಕೇ ರಿಡೈರೆಕ್ಟ್ ಮಾಡಿದೆ. ಹೀಗೆ ಕೂಡಿಸಿ, ಕಳೆದು, ಒಂದಿಷ್ಟನ್ನು ಅಳಿಸಿ 140 ಇದ್ದದ್ದು ಈಗ 62. ಅಳಿಸುವಾಗ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ. ವಾರಕ್ಕೆ ಎರಡು ಲೇಖನ ರಿಪೇರಿ, ಅಷ್ಟೇ ನನ್ನ ಲೆಕ್ಕ. ಮೂರನೇ ತಿಂಗಳವರೆಗೆ ಗ್ರಾಫ್ ಅಲ್ಲಾಡಲಿಲ್ಲ. ನಾಲ್ಕನೇ ತಿಂಗಳಿನ ಮಧ್ಯೆ ಏರತೊಡಗಿತು.

ಈ ನಡುವೆ ಒಂದು ಕಳ್ಳ ಪ್ರಯೋಗ ಮಾಡಿದ್ದೆ. ಇಪ್ಪತ್ತು ಲೇಖನದ ದಿನಾಂಕ ಮಾತ್ರ ಬದಲಿಸಿ, ಒಳಗೆ ಏನೂ ಮುಟ್ಟದೆ ಬಿಟ್ಟು ನೋಡಿದೆ. ಏನೂ ಆಗಲಿಲ್ಲ. ಡಾರ್ಕ್ ಮೋಡ್‌ಗೆ ಮೂರು ಭಾನುವಾರ ಸುರಿದೆ. ಕಪ್ಪು ಮಿಷನ್ನಿನ ಚಿತ್ರಗಳು ಕಪ್ಪು ಹಿನ್ನೆಲೆಯಲ್ಲಿ ಮಾಯ. ಎಲ್ಲ ಚಿತ್ರಕ್ಕೂ ತೆಳು ಬಿಳಿ ಅಂಚು ಹಾಕಿ ಉಳಿಸಿಕೊಂಡಿದೀನಿ, ಯಾರಿಗೆ ಬೇಕಿತ್ತೋ ಗೊತ್ತಿಲ್ಲ, ನನಗೆ ಚೆಂದ ಕಾಣಿಸುತ್ತೆ.

ಪ್ರಚಾರಕ್ಕೆ ಅಂತ ಈಗ ಮಾಡೋದು ಎರಡೇ. ರಿಪೇರಿಗೆ ಬಂದ ಮಿಷನ್ ವಾಪಸ್ ಕೊಡುವಾಗ ಬಾಬಿನ್ ಡಬ್ಬಿಯೊಳಗೆ ಒಂದು ಪುಟ್ಟ ಚೀಟಿ ಇಡ್ತೀನಿ. ಅದರಲ್ಲಿ ಕ್ಯೂಆರ್ ಕೋಡ್. ಮುಖಪುಟದ್ದಲ್ಲ, ಅವರ ಮಿಷನ್ನಿಗೆ ಬಂದ ತೊಂದರೆಯ ಪುಟದ್ದೇ. ನೂರು ಚೀಟಿಗೆ ಮೂವತ್ತು ಜನ ಬರ್ತಾರೆ, ಬಂದವರು ವಾಟ್ಸಾಪ್ ಗುಂಪಿಗೆ ಹಾಕ್ತಾರೆ. ಎರಡನೆಯದು ತಿಂಗಳಿಗೊಂದು ಇಮೇಲ್ ಪತ್ರ. ಆರುನೂರರಷ್ಟು ಜನ ಇದಾರೆ. ಎಷ್ಟು ಜನ ತೆರೆದರು ಅನ್ನೋ ಅಂಕಿ ನಾನು ನಂಬಲ್ಲ. ಪತ್ರದೊಳಗಿನ ಚಿತ್ರ ಇಳಿದರೆ ತೆರೆದರು ಅಂತ ಲೆಕ್ಕ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಚಿತ್ರಗಳನ್ನು ಮೊದಲೇ ತಾನೇ ಎಳೆದಿಡುವ ಸೌಲಭ್ಯ ತಂದ ಮೇಲೆ ಓದದವರೂ ಓದಿದ ಲೆಕ್ಕಕ್ಕೆ ಸೇರ್ತಾರೆ. ಉತ್ತರ ಬರೆದವರನ್ನು ಎಣಿಸ್ತೀನಿ, ಪತ್ರಕ್ಕೆ ಹದಿನೈದು-ಇಪ್ಪತ್ತು. ಅವರು ಕೇಳುವ ಪ್ರಶ್ನೆಯ ಮಾತುಗಳೇ ನನ್ನ ಮುಂದಿನ ಶೀರ್ಷಿಕೆ. ಪತ್ರದ ವಿಷಯದ ಸಾಲು ಹೇಗೆ ಬರೀತೀನಿ ಅನ್ನೋದು ನನ್ನ ಹತ್ತಿರವೇ ಇರಲಿ.

62ರಲ್ಲಿ ಇನ್ನೂ ಹನ್ನೊಂದು ರಿಪೇರಿ ಆಗಬೇಕು. ಅದರಲ್ಲಿ ಓವರ್‌ಲಾಕ್ (ಬಟ್ಟೆ ಅಂಚು ಹೊಲಿಯುವ) ಮಿಷನ್ನಿಗೆ ದಾರ ಪೋಣಿಸುವ ಲೇಖನ ಒಂದು. ಮಾತೆಲ್ಲ ಸರಿ ಮಾಡಿದೆ, ಚಿತ್ರ ಮತ್ತೆ ತೆಗೀಬೇಕು. ಆಗ ನಾಲ್ಕು ಉಂಡೆಗೂ ಬಿಳಿ ದಾರವನ್ನೇ ಹಾಕಿ ಫೋಟೊ ಹೊಡೆದಿದ್ದೆ. ಯಾವುದು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಈಗ ನನಗೇ ಗೊತ್ತಾಗ್ತಿಲ್ಲ. ನಾಲ್ಕು ಬಣ್ಣದ ದಾರ ತಂದಿಟ್ಟಿದೀನಿ. ಈ ಭಾನುವಾರ ಅಕ್ಕನ ಮಿಷನ್ನು ಖಾಲಿ ಇರುತ್ತಂತೆ.