ಮನೆಯೊಳಗಿನ ಹಿಂಸೆಯ ಸರ್ವೆ: ಕೇಳುವುದು ಹೇಗೆ?

ಒಂದು ಮನೆಯಿಂದ ಒಬ್ಬರೇ ಹೆಣ್ಣುಮಗಳನ್ನು ಆರಿಸಿಕೊಳ್ಳಿ. ಅತ್ತೆ, ಸೊಸೆ ಇಬ್ಬರಿಗೂ ಹಿಂಸೆಯ ಪ್ರಶ್ನೆ ಕೇಳಿದರೆ ಸಂಜೆಯೊಳಗೆ ಮನೆಗೆಲ್ಲ ಗೊತ್ತಾಗುತ್ತದೆ. ಪೆಟ್ಟು ತಿನ್ನುವುದು ಉತ್ತರ ಕೊಟ್ಟವಳು. ಮನೆಗೊಬ್ಬಳನ್ನೇ ಕೇಳಬೇಕೆಂಬುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಿಯಮವೂ ಹೌದು. ಊರಲ್ಲಿ ‘ಹೆಂಗಸರ ಆರೋಗ್ಯದ ಸರ್ವೆ’ ಎಂದಷ್ಟೇ ಹೇಳಿ. ಪೂರ್ತಿ ವಿಷಯವನ್ನು ಆಕೆಗೊಬ್ಬಳಿಗೇ ತಿಳಿಸಿ ಒಪ್ಪಿಗೆ ಪಡೆಯಿರಿ.

2 ವರ್ಷ ದಾಟಿದ ಮಗುವೂ ಪಕ್ಕದಲ್ಲಿರಬಾರದು. ಕೇಳಿದ್ದನ್ನು ರಾತ್ರಿ ಅಪ್ಪನೆದುರು ಒಪ್ಪಿಸಿಬಿಟ್ಟೀತು. ಯಾರಾದರೂ ಒಳಬಂದರೆ ತಟ್ಟನೆ ಹಾಳೆ ಮಗುಚಿ ಮುಟ್ಟು, ಬಾಣಂತನದ ಪ್ರಶ್ನೆಗೆ ಹೊರಳಿ. ಆ ಹಾಳೆ ಮೊದಲೇ ಸಿದ್ಧವಿರಲಿ, ಆಕೆಗೂ ಮೊದಲೇ ಹೇಳಿರಿ.

‘ನಿಮ್ಮ ಮೇಲೆ ದೌರ್ಜನ್ಯ ನಡೆದಿದೆಯೇ?’ ಎನ್ನುವುದು ಕೆಲಸಕ್ಕೆ ಬಾರದ ಪ್ರಶ್ನೆ. ಒಂದೆರಡು ಏಟು ಹಲವರ ಲೆಕ್ಕದಲ್ಲಿ ದೌರ್ಜನ್ಯವೇ ಅಲ್ಲ; ‘ಇಲ್ಲ’ ಎಂದುಬಿಡುತ್ತಾರೆ. ‘ಕೆನ್ನೆಗೆ ಹೊಡೆದಿದ್ದಾರಾ? ಕೈ ತಿರುಚಿದ್ದಾರಾ? ಕತ್ತು ಹಿಸುಕಿದ್ದಾರಾ?’ ಎಂದು ಒಂದೊಂದಾಗಿ ಕೇಳಿ. ‘ಯಾವತ್ತಾದರೂ’, ‘ಕಳೆದ 12 ತಿಂಗಳಲ್ಲಿ’ ಎರಡನ್ನೂ ಬೇರೆ ಬೇರೆ ಗುರುತು ಹಾಕಿ. ಇವು ಕಲಸಿಹೋದರೆ ಹೊಡೆತ ಹಳೆಯದೋ ಇತ್ತೀಚಿನದೋ ಎಂದು ಆಮೇಲೆ ಹೇಳಲಾಗದು.

ಮಹಿಳೆಯರ 181 ಸಹಾಯವಾಣಿಯನ್ನು ಆಂಬುಲೆನ್ಸ್‌ನ 108ರ ಜೊತೆ ಒಂದೇ ಚೀಟಿಯಲ್ಲಿ ಬರೆದುಕೊಡಿ. ಹಿಂಸೆಯ ಮಾತು ಅದರಲ್ಲಿ ಬೇಡ. ಚೀಟಿ ಬೇಡವೆಂದರೆ ಒತ್ತಾಯಿಸಬೇಡಿ.