ಡಕೋಟಾದ ಕಲಾಯಿ

ವಾಯುಪಡೆಯಲ್ಲಿ ವಿಮಾನದ ಒಡಲು, ರೆಕ್ಕೆ ನೋಡಿಕೊಳ್ಳುವ ಏರ್‌ಫ್ರೇಮ್ ಫಿಟ್ಟರ್ ಆಗಿ ಇಪ್ಪತ್ತು ವರ್ಷ ದುಡಿದು ಬೆಳಗಾವಿ ಹತ್ತಿರದ ಸಾಂಬ್ರಾದ ಮನೆಗೆ ಮರಳಿದ್ದೆ. ಆಗ ಕೊಲ್ಲಿ ದೇಶದ ಒಂದು ಮ್ಯೂಸಿಯಂನಿಂದ ಕರೆ ಬಂತು. ವರ್ಷಗಟ್ಟಲೆ ಬಯಲಲ್ಲಿ ನಿಂತಿದ್ದ ಡಕೋಟಾ ಸರಕು ವಿಮಾನವನ್ನು ಪ್ರದರ್ಶನಕ್ಕೆ ಅಣಿಮಾಡುವ ಕೆಲಸ. ನಾನು ದುಡಿದದ್ದು ಆವ್ರೊ ವಿಮಾನಗಳ ಮೇಲೆ. ಆದರೂ 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದ ಜಾತಿಯ ವಿಮಾನ ಅಂದಮೇಲೆ ಒಲ್ಲೆ ಅನ್ನಲಾಗಲಿಲ್ಲ.

ಹಾರುವ ವಿಮಾನದಲ್ಲಿ ಅನುಮಾನ ಬಂದ ಭಾಗವನ್ನು ಕಿತ್ತು ಹೊಸದು ಹಾಕುತ್ತೇವೆ. ಮ್ಯೂಸಿಯಂನಲ್ಲಿ ಅದು ನಡೆಯುವುದಿಲ್ಲ. ಸೊಟ್ಟ ರಿವೆಟ್ ಆದರೂ ಅಂದಿನದೇ ಇರಬೇಕು. ಇದು ಕೈಗೆ ಹತ್ತುವ ಮೊದಲೇ ಒಂದು ತಪ್ಪು ಮಾಡಿಬಿಟ್ಟೆ.

ಅಧಿಕಾರಿಗಳಿಗೆ ವಿಮಾನ ಮಿರಿಮಿರಿ ಹೊಳೆಯಬೇಕಿತ್ತು. ರೆಕ್ಕೆಯ ಕೆಳಗಿನ ಒಂದು ತಗಡಿಗೆ ಉಜ್ಜಿ ಹೊಳಪು ಕೊಡುವ ಬಫಿಂಗ್ ಯಂತ್ರ ಹಿಡಿದೆ. ಜೊತೆಗಿದ್ದ ಗೋಕಾಕದ ಹುಡುಗ, "ಸಾಹೇಬ್ರ, ಮಾರಿ ಕಾಣಾಕತ್ತೈತ್ರಿ!" ಅಂದ. ಕೆಲವೇ ವಾರಗಳಲ್ಲಿ ಕಡಲಗಾಳಿಗೆ ಅದೇ ಜಾಗದಲ್ಲಿ ಬೂದು ಚುಕ್ಕೆ ಎದ್ದವು.

ಡಕೋಟಾದ ಹೊರತಗಡು ಆಲ್‌ಕ್ಲಾಡ್. ಒಳಗೆ ತಾಮ್ರ ಬೆರೆತ ಗಟ್ಟಿ ಅಲ್ಯೂಮಿನಿಯಂ, ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ಪದರ. ಬಲ ಒಳಗಿನದು, ಗಾಳಿ ನೀರಿನಿಂದ ಕಾಯುವುದು ಹೊರಗಿನದು. 1 ಮಿ.ಮೀ. ತಗಡಿನಲ್ಲಿ ಆ ಪದರ ಬದಿಗೆ ಸುಮಾರು 0.05 ಮಿ.ಮೀ. ಮಾತ್ರ. ಅದನ್ನೇ ನಾನು ಉಜ್ಜಿ ತೆಗೆದಿದ್ದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದ ದಿನ ನಮ್ಮವ್ವ, "ಬೂದಿ ಹಚ್ಚಿ ತಿಕ್ಕಬ್ಯಾಡ್ರಿ, ಕಲಾಯಿ ಹೋದ್ರ ಸಾರು ಕಿಲುಬಾಕ್ಕೈತಿ" ಅಂತಿದ್ದಳು. ಆ ಮಾತನ್ನೇ ನನಗೆ ಬಂದ ಹಿಂದಿಯಲ್ಲಿ ಅಧಿಕಾರಿಗೆ ಹೇಳಿ, ಚುಕ್ಕೆ ತೋರಿಸಿದೆ. ಒಪ್ಪಿದರು. ಮುಂದೆ ಮೃದು ಸೋಪು, ಸಿಹಿನೀರು, ಹತ್ತಿ ಬಟ್ಟೆ, ಮೇಲೆ ಮೇಣ, ಅಷ್ಟೇ.

ಡಕೋಟಾ ನಿಂತಾಗ ಮೂಗು ಮೇಲೆ, ಬಾಲ ನೆಲಕ್ಕೆ. ಒಳಸೇರಿದ ನೀರೆಲ್ಲ ಬಾಲದತ್ತ ಇಳಿಯುತ್ತದೆ. ಅಲ್ಲಿನ ನೀರು ಹೋಗುವ ತೂತುಗಳು ಮರಳು, ಗೂಡಿನ ಕಸದಿಂದ ಕಟ್ಟಿದ್ದವು. ಕಬ್ಬಿಣದ ತಂತಿ ಗೀರು ಹಾಕುತ್ತದೆಂದು ಬಿದಿರುಕಡ್ಡಿಯಿಂದ ಒಂದೊಂದನ್ನೂ ಬಿಡಿಸಿದೆವು. ಹಕ್ಕಿ ಹಿಕ್ಕೆಯೂ ಲೋಹ ತಿನ್ನುತ್ತದೆ, ಅದನ್ನು ನೆನೆಸಿಯೇ ತೆಗೆದೆವು. ಟೈರಿನ ಮೇಲಿನ ಭಾರ ಸ್ಟ್ಯಾಂಡಿಗೆ ಹೋಯಿತು. ರೇಡಿಯಂ ಬಣ್ಣದ ಮೀಟರ್‌ಗಳನ್ನು ಮಾತ್ರ ನಾವು ಬಿಚ್ಚಲಿಲ್ಲ. ವಿಕಿರಣ ಅಳೆಯಬಲ್ಲವರೇ ಬಂದು ನೋಡಬೇಕು.

ಹೆಚ್ಚು ದಿನ ತಿಂದದ್ದು ಇಂಜಿನ್. ಎರಡು ಟ್ವಿನ್ ವಾಸ್ಪ್, ಒಂದೊಂದಕ್ಕೆ ವೃತ್ತವಾಗಿ ಜೋಡಿಸಿದ 14 ಸಿಲಿಂಡರ್. ನಿಂತಲ್ಲೇ ನಿಂತರೆ ಎಣ್ಣೆ ಕೆಳಗಿನ ಸಿಲಿಂಡರುಗಳಿಗೆ ಇಳಿದು ತುಂಬುತ್ತದೆ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ. ಅದು ಗೊತ್ತಿಲ್ಲದೆ ಪ್ರೊಪೆಲ್ಲರ್ ತಿರುಗಿಸಿದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗಿತು ಅನ್ನಿ. ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಣ್ಣೆ ಸೋರಲು ಬಿಟ್ಟು, ಆಮೇಲೆ ಕೈಯಿಂದ ನಿಧಾನ ತಿರುಗಿಸಿದೆವು. ತುಕ್ಕು ತಡೆಯುವ ಎಣ್ಣೆ ಸಿಂಪಡಿಸಿದ ಮೇಲೆ ಪ್ರತಿ ಸಿಲಿಂಡರಿಗೂ, ಸ್ಪಾರ್ಕ್ ಪ್ಲಗ್ ಜಾಗಕ್ಕೆ, ತೇವ ಹೀರುವ ಸಿಲಿಕಾ ಜೆಲ್ ಹರಳು ತುಂಬಿದ ಪಾರದರ್ಶಕ ಪ್ಲಗ್ ಒಂದೊಂದು ಬೇಕಿತ್ತು.

ರಜೆಗೆ ಬಂದಾಗ ಬೆಳಗಾವಿಯ ಉದ್ಯಮಬಾಗದ ಒಂದು ಲೇಥ್ ಅಂಗಡಿಗೆ ಅಕ್ರಿಲಿಕ್ ಸರಳು ಒಯ್ದೆ. 18 ಮಿ.ಮೀ. ಥ್ರೆಡ್, 28 ನಗ. "ಯಾವ ಮೋಟರಿಗ್ರೀ ಇವು?" ಅಂದ ಲೇಥಿನವ. ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದ. ಮರುದಿನ ಹೋದರೆ 29 ಕಡೆದಿದ್ದ, ಒಂದನ್ನು ತನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದ.

ಹರಳು ಒಣಗಿದ್ದಾಗ ನೀಲಿ, ತೇವ ಹೀರಿದರೆ ಗುಲಾಬಿ. ಗೋಕಾಕದ ಹುಡುಗ ಇನ್ನೂ ಅಲ್ಲೇ ಇದ್ದಾನೆ, ತಿಂಗಳಿಗೊಮ್ಮೆ ಫೋಟೋ ಕಳಿಸುತ್ತಾನೆ. ಹೋದ ವಾರ ಎಡ ಇಂಜಿನ್‌ನ ಎರಡು ಪ್ಲಗ್ ಗುಲಾಬಿಯಾಗಿದ್ದವು. ಹರಳು ಹೊರತೆಗೆದು 110 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತುಂಬು, ಆ ಕಡೆಯ ಎಕ್ಸಾಸ್ಟ್ ಮುಚ್ಚಳ ಸಡಿಲಾಗಿದೆಯೋ ನೋಡು ಅಂದೆ. ಸಡಿಲೇ ಆಗಿತ್ತಂತೆ.