ಮಡಿಕೇರಿಯ ಮಳೆಗಾಲ ತಡೆಯುವ ರೀಫ್ ಟ್ಯಾಂಕ್ ಪಂಪ್

ಮಡಿಕೇರಿಯಂಥ ಬೆಟ್ಟದೂರಲ್ಲಿ ಹವಳ ಸಾಕುವ ಸಮುದ್ರದ ನೀರಿನ ಅಕ್ವೇರಿಯಂ, ಅಂದರೆ ರೀಫ್ ಟ್ಯಾಂಕ್, ಇದೆ ಅಂದರೆ ಎಲ್ಲರೂ ಕೇಳುವುದು ಒಂದೇ. "ನೀರು ಮಂಗಳೂರಿಂದ ಕ್ಯಾನಲ್ಲಿ ತರ್ತೀರಾ?" ಇಲ್ಲ, ಆರ್‌ಒ ನೀರಿಗೆ ರೀಫ್ ಸಾಲ್ಟ್ ಬೆರೆಸುತ್ತೇನೆ. ಅದು ತಲೆನೋವೇ ಅಲ್ಲ. ತಲೆನೋವು ಕರೆಂಟಿನದು. ಮಳೆಗಾಲದಲ್ಲಿ ಒಂದು ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿತ್ತು ಅಂದರೆ, ಸಂಜೆ ಹೋದ ಕರೆಂಟು ಮರುದಿನ ಮಧ್ಯಾಹ್ನ ಬಂದರೆ ಪುಣ್ಯ. ಹಾಗಾಗಿ ಪಂಪ್ ತೆಗೆದುಕೊಳ್ಳುವಾಗ ಗಂಟೆಗೆ ಎಷ್ಟು ಲೀಟರ್ ಅನ್ನುವುದಕ್ಕಿಂತ ಮೊದಲು ಎಷ್ಟು ವಾಟ್, ಎಸಿಯೋ ಡಿಸಿಯೋ ಅಂತ ನೋಡಿದೆ.

ನನ್ನದು ನಾಲ್ಕಡಿ ಉದ್ದದ ಟ್ಯಾಂಕ್. ಕಲ್ಲು, ಮರಳು ಬಿಟ್ಟರೆ ಸುಮಾರು 220 ಲೀಟರ್ ನೀರು. ಒಳಗಿರುವುದೆಲ್ಲ ಮೃದು ಹವಳ: ಲೆದರ್, ಮಶ್ರೂಮ್, ಜೊವಾಂಥಿಡ್. ಗಟ್ಟಿ ಹವಳಗಳು ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ, ಆ ಕಡೆ ನಾನು ತಲೆ ಹಾಕಿಲ್ಲ. ಪಂಪಿನ ಲೆಕ್ಕಕ್ಕೂ ಇದು ಮುಖ್ಯ. ಮೃದು ಹವಳಕ್ಕೆ ಟ್ಯಾಂಕಿನ ನೀರಿನ ಹತ್ತಿಪ್ಪತ್ತು ಪಟ್ಟು ಗಂಟೆಗೆ ತಿರುಗಿದರೆ ಸಾಕು. ಗಟ್ಟಿ ಹವಳದಲ್ಲಿ ಸಣ್ಣ ಪಾಲಿಪ್‌ (ಹೂವಿನಂತೆ ಅರಳುವ ಬಾಯಿ) ಇರುವವಕ್ಕೆ ನಲವತ್ತು ಪಟ್ಟಿಗೂ ಮೇಲೆ ಬೇಕಾಗುತ್ತದೆ.

ಹವಳ ಎದ್ದು ಓಡಾಡುವ ಜೀವಿ ಅಲ್ವಲ್ಲ. ಆಕ್ಸಿಜನ್, ಆಹಾರ ಎರಡನ್ನೂ ನೀರೇ ತಂದುಕೊಡಬೇಕು, ಕಸವನ್ನೂ ನೀರೇ ಒಯ್ಯಬೇಕು. ಲೆದರ್ ಹವಳದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಆಗಾಗ ಅದು ಪಾಲಿಪ್‌ಗಳನ್ನೆಲ್ಲ ಒಳಗೆಳೆದುಕೊಂಡು ಮುದುಡಿ ಕೂರುತ್ತದೆ. ಮೈಮೇಲೆ ಮೇಣದಂಥ ತೆಳು ಪೊರೆ ಹೊಳೆಯುತ್ತದೆ. ನೀರು ಚೆನ್ನಾಗಿ ಓಡುವ ಕಡೆ ಆ ಪೊರೆ ಅಂಚಿನಿಂದ ಎದ್ದು, ಚೂರು ಚೂರಾಗಿ ಕಿತ್ತುಹೋಗುತ್ತದೆ, ಹವಳ ಮತ್ತೆ ಅರಳುತ್ತದೆ. ನೀರು ನಿಂತ ಮೂಲೆಯಲ್ಲಾದರೆ ಪೊರೆ ಅಲ್ಲೇ ಉಳಿದು, ಅದರ ಮೇಲೆ ಪಾಚಿ ಕೂರುತ್ತದೆ.

ಟ್ಯಾಂಕಿನ ಕೆಳಗಿಟ್ಟ ಇನ್ನೊಂದು ತೊಟ್ಟಿಯಿಂದ (ಸಂಪ್) ನೀರು ಮೇಲೆತ್ತುವ ರಿಟರ್ನ್ ಪಂಪ್ ಬೇರೆ, ಟ್ಯಾಂಕಿನೊಳಗೆ ನೀರು ಆಡಿಸುವ ವೇವ್‌ಮೇಕರ್ ಬೇರೆ. ಒಂದೇ ದೊಡ್ಡ ರಿಟರ್ನ್ ಪಂಪಿನಲ್ಲಿ ಎರಡೂ ಕೆಲಸ ಮಾಡಿಸಲು ಹೋದರೆ ಕರೆಂಟೂ ದಂಡ, ನೀರು ಬೀಳುವ ಸದ್ದೂ ಜಾಸ್ತಿ.

ರಿಟರ್ನ್ ಪಂಪಿನ ವಿಷಯ ಕೊಡಗಿನವರಿಗೆ ವಿವರಿಸುವುದು ಸುಲಭ. ಕಾಫಿ ಹೂವಿಗೆ ಫೆಬ್ರವರಿ–ಮಾರ್ಚ್‌ನಲ್ಲಿ ಕೆರೆಯಿಂದ ಸ್ಪ್ರಿಂಕ್ಲರ್ ಹೊಡೆಸುವಾಗ ತಗ್ಗಿನಲ್ಲಿ ಬರುವ ನೀರು ಗುಡ್ಡದ ಮೇಲೆ ಬರುವುದಿಲ್ಲವಲ್ಲ, ಇಲ್ಲೂ ಹಾಗೆಯೇ. ಡಬ್ಬದ ಮೇಲೆ ಬರೆದಿರುವುದು ಎತ್ತರ ಸೊನ್ನೆ ಇದ್ದಾಗಿನ ಲೆಕ್ಕ. ನನ್ನ ಪಂಪಿನ ಮೇಲೆ ಗಂಟೆಗೆ 3000 ಲೀಟರ್ ಎಂದಿದೆ. ಪೈಪು ಸುಮಾರು 1.3 ಮೀಟರ್ ಏರಬೇಕು, ನಡುವೆ ಎರಡು ಎಲ್ಬೋ. ಪೈಪಿನ ಬಾಯಿಗೆ ಬಕೆಟ್ ಹಿಡಿದು ನೋಡಿದರೆ 10 ಲೀಟರ್ ತುಂಬಲು 22 ಸೆಕೆಂಡ್. ಅಂದರೆ ಗಂಟೆಗೆ 1600 ಲೀಟರ್ ಚಿಲ್ಲರೆ. ಟ್ಯಾಂಕಿಗೆ ಏಳು ಪಟ್ಟು, ಧಾರಾಳ ಸಾಕು. ಕೊಳ್ಳುವ ಮುಂಚೆ ಅಂಗಡಿಯವರಿಂದ ಆ ಪಂಪಿನ ಹೆಡ್ ಚಾರ್ಟ್ (ಎಷ್ಟು ಎತ್ತರಕ್ಕೆ ಎಷ್ಟು ನೀರು ಎನ್ನುವ ಪಟ್ಟಿ) ಕೇಳಿ. ಇಲ್ಲ ಎಂದರೆ ಬೇರೆ ಪಂಪ್ ನೋಡಿ.

ವೇವ್‌ಮೇಕರ್ ಆಗಿ ಪ್ರೊಪೆಲ್ಲರ್ ಇರುವ ಎರಡು ಡಿಸಿ ಪಂಪ್ ತೆಗೆದುಕೊಂಡೆ. ಒಂದೊಂದೂ ಗಂಟೆಗೆ 4000 ಲೀಟರ್‌ನದು, ಸಾಮಾನ್ಯವಾಗಿ ಅರ್ಧ ಸ್ಪೀಡಿನಲ್ಲೇ ಓಡುತ್ತವೆ. ಹಳೇ ಥರದ ಪವರ್‌ಹೆಡ್ ಪಂಪ್ ಪಿಚಕಾರಿ ಹೊಡೆದ ಹಾಗೆ ಒಂದೇ ಕಡೆ ನೀರು ಚಿಮ್ಮುತ್ತದೆ, ಎದುರಿಗಿರುವ ಹವಳದ ಚರ್ಮ ಹರಿದೇ ಹೋಗಬಹುದು. ಪ್ರೊಪೆಲ್ಲರ್ ಅಷ್ಟೇ ನೀರನ್ನು ಅಗಲವಾಗಿ, ಮೆತ್ತಗೆ ತಳ್ಳುತ್ತದೆ. ದೊಡ್ಡ ಒಂದರ ಬದಲು ಚಿಕ್ಕವು ಎರಡು ಇರಲಿ ಎನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಒಂದು ಕೆಟ್ಟರೂ ಇನ್ನೊಂದು ತಿರುಗುತ್ತಿರುತ್ತದೆ.

ಎಡ–ಬಲ ಗಾಜಿಗೆ ಒಂದೊಂದು ಅಂಟಿಸಿದ್ದೇನೆ. ನಟ್ಟನಡುವೆ ಎರಡೂ ಹರಿವು ಡಿಕ್ಕಿಯಾಗಿ ನೀರು ಅಡ್ಡಾದಿಡ್ಡಿ ಸುತ್ತುತ್ತದೆ, ಹವಳಕ್ಕೆ ಬೇಕಾದದ್ದೂ ಅದೇ. ಜಾಗ ನಿಗದಿ ಮಾಡಲು ಚಿಟಿಕೆ ಮೀನಿನ ಆಹಾರ ಹಾಕಿ ಸುಮ್ನೆ ನೋಡುತ್ತಾ ಕೂತೆ. ಕಾಳು ಎಲ್ಲಿ ಹೋಗಿ ಕೂರುತ್ತದೋ ಅದು ಸತ್ತ ಮೂಲೆ. ಮರಳು ಏಳುತ್ತಿದ್ದರೆ ಪಂಪಿನ ಮೂತಿ ಸ್ವಲ್ಪ ಮೇಲೆ. ಕೊಳ್ಳುವಾಗ ಮ್ಯಾಗ್ನೆಟ್ ಎಷ್ಟು ದಪ್ಪದ ಗಾಜಿಗೆ ಅನ್ನುವುದನ್ನೂ ಓದಿಕೊಳ್ಳಿ.

ಇನ್ನು ಕರೆಂಟ್ ಹೋದಾಗ. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಎಸಿ ಪಂಪ್ ಗುಂಯ್ ಎನ್ನುತ್ತಾ ಬಿಸಿಯಾಗುತ್ತದೆ. ಅದಕ್ಕೇ ಡಿಸಿ ಪಂಪ್, ಜೊತೆಗೆ ಸೈನ್ ವೇವ್ ಇನ್ವರ್ಟರ್, ಅದರ ಲೈನಿಗೆ ಒಂದೇ ಒಂದು ವೇವ್‌ಮೇಕರ್. ಕಡಿಮೆ ಸ್ಪೀಡಿನಲ್ಲಿ ಅದು ತಿನ್ನುವುದು 10 ವಾಟ್ ಒಳಗೆ. 150 ಎಎಚ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೂ, ಇನ್ವರ್ಟರ್ ತಾನೇ ತಿನ್ನುವುದನ್ನು ಕಳೆದರೂ, ಒಂದು ಹಗಲು ಒಂದು ರಾತ್ರಿ ದಾಟುತ್ತದೆ. ಆ ಪಂಪ್ ನೀರಿನ ಮೇಲ್ಮೈಯನ್ನು ಕಲಕುವಂತೆ ಮೇಲ್ಮುಖವಾಗಿದೆ, ಆಕ್ಸಿಜನ್ ಒಳಗಿಳಿಯುವುದು ಅಲ್ಲಿಂದಲೇ. ಲೈಟ್, ರಿಟರ್ನ್ ಪಂಪ್, 200 ವಾಟ್ ಹೀಟರ್ ಯಾವುದಕ್ಕೂ ಬ್ಯಾಟರಿ ಇಲ್ಲ. ಬೆಂಗಳೂರಿನವರು ನೀರು ಬಿಸಿಯಾಗದಿರಲಿ ಎಂದು ಚಿಲ್ಲರ್‌ಗೆ ದುಡ್ಡು ಸುರಿಯುತ್ತಾರೆ. ನಮ್ಮಲ್ಲಿ ಕಕ್ಕಡದ (ಜುಲೈ–ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಚಳಿಗೆ ಟ್ಯಾಂಕಿಗೇ ಕಂಬಳಿ ಹೊದಿಸುತ್ತೇವೆ! ನನ್ನಾಕೆ ನೋಡಿ, "ನಮಗಿಂತ ಮೊದಲು ಇವಕ್ಕೆ ಹೊದೆಸಿ" ಎಂದು ಗೊಣಗುತ್ತಾಳೆ.

ರಿಟರ್ನ್ ಪಂಪ್ ನಿಂತಾಗ ಮೇಲಿನ ನೀರು ಅದೇ ಪೈಪಿನಲ್ಲಿ ವಾಪಸ್ ಇಳಿಯುತ್ತದೆ. ಪೈಪಿನ ಬಾಯಿ ಹತ್ತಿರ, ನೀರಿನ ಮಟ್ಟಕ್ಕೆ ಸ್ವಲ್ಪವೇ ಕೆಳಗೆ ಒಂದು ಸಣ್ಣ ತೂತು ಕೊರೆದಿದ್ದೇನೆ. ನೀರು ಅಷ್ಟು ಇಳಿದ ಕೂಡಲೇ ಗಾಳಿ ಎಳೆದು ಹರಿವು ನಿಲ್ಲುತ್ತದೆ. ಸಂಪ್‌ನಲ್ಲಿ ಅಷ್ಟು ನೀರು ಹಿಡಿಯುವ ಜಾಗ ಯಾವಾಗಲೂ ಖಾಲಿ ಇರಬೇಕು. ತೂತಿಗೆ ಪಾಚಿ ಕಟ್ಟಿದೆಯಾ ಎಂದು ಆಗಾಗ ಕಡ್ಡಿ ಹಾಕಿ ನೋಡುತ್ತೇನೆ.

ಎರಡು ಮೂರು ತಿಂಗಳಿಗೊಮ್ಮೆ ಪಂಪುಗಳನ್ನು ನೀರು ಬೆರೆಸಿದ ವಿನೆಗರ್‌ನಲ್ಲಿ ನೆನೆಹಾಕಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜುತ್ತೇನೆ. ಶಾಫ್ಟಿನ ಸುತ್ತ ಕೂತ ಸುಣ್ಣ ಬಿಟ್ಟುಹೋದರೆ ಸದ್ದೂ ಇಳಿಯುತ್ತದೆ. ಒಂದು ಸ್ಪೇರ್ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ), ಒಂದು ಅಡಾಪ್ಟರ್ ಮಾತ್ರ ಮೇ ತಿಂಗಳೊಳಗೇ ತರಿಸಿಡುತ್ತೇನೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಂಗಳೂರಿನ ಕಡೆಗಿನ ಸಂಪಾಜೆ ರಸ್ತೆ ಮುಚ್ಚಿದ್ದು ಇಲ್ಲಿನ ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಕೊರಿಯರ್ ನಂಬಿಕೊಂಡು ಕೂರಲಾಗದು.